ಚಿಂದಿ ಭಾವ ಮತ್ತು ನಾನು ಹಚ್ಚಿದ ಗ್ರೀಸು

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಶೆಡ್ಡಿನವರೆಲ್ಲ ಸೇರಿ ಇಟ್ಟ ಹೆಸರು ಚಿಂದಿ. ಅವರ ಪ್ಯಾಂಟಿನ ಜೇಬಿನಿಂದ ಯಾವಾಗಲೂ ಒಂದು ಹಳೆಯ ಹತ್ತಿ ಬಟ್ಟೆ ಬಾಲದ ಹಾಗೆ ನೇತಾಡುತ್ತಿರುತ್ತದೆ. ಕ್ರೇನುಗಳ ಉಕ್ಕಿನ ಹಗ್ಗ ಪರೀಕ್ಷಿಸುವುದು ಅವರ ಕೆಲಸ. ನೂರಾರು ಸಣ್ಣ ತಂತಿಗಳನ್ನು ಎಳೆಗಳಾಗಿ ಹೊಸೆದು, ಆ ಎಳೆಗಳನ್ನು ಹೆಣೆದು ಮಾಡಿದ ಹಗ್ಗ ಅದು. ಒಂದು ತಂತಿ ಮುರಿದರೂ ತುದಿ ಮುಳ್ಳಿನ ಹಾಗೆ ಏಳುತ್ತದೆ. ಬಟ್ಟೆ ಸುತ್ತಿ ಸವರಿದರೆ ನೂಲು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಭಾವ ತಮ್ಮ ಕಣ್ಣನ್ನೂ ನಂಬುವುದಿಲ್ಲ, ಆ ಚಿಂದಿಯನ್ನು ನಂಬುತ್ತಾರೆ.

ಇಂಥವರ ಜೊತೆ ಬಾಳುವುದು ಬಾಯಲ್ಲಿಟ್ಟ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಕ್ಕನ ಮಗಳನ್ನು ಕೊಡಲಿದ್ದ ಬೀಗರ ಮನೆಗೆ ಮೊದಲ ಸಲ ಹೋದಾಗ ವಾಚ್‌ಮನ್ ಹತ್ತಿರ ಲಿಫ್ಟಿನ ಹಗ್ಗ ನೋಡಿ ಎಷ್ಟು ತಿಂಗಳಾಯಿತು ಎಂದು ಕೇಳಿದರು. ಅವನು "ಯಾರಿಗ್ ಗೊತ್ತು ಸಾರ್" ಅಂದ. ಮುಗಿಯಿತು. ಆರು ಮಹಡಿ ಹತ್ತಿಸಿದರು ನಮ್ಮನ್ನು. ಹೊಸ ಚಪ್ಪಲಿ ಕಚ್ಚಿ ಅಕ್ಕನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಬೀಗಿತ್ತಿ ಬಾಗಿಲು ತೆರೆದಾಗ ಮೂವರೂ ಮಾತಾಡಲಾಗದೆ ಏದುಸಿರು ಬಿಡುತ್ತಿದ್ದೆವು.

ಆ ಮಗಳ ಮದುವೆ ನೋಂದಣಿ ಕಚೇರಿಯಲ್ಲಿ ಎಂದು ನಿಶ್ಚಯವಾಯಿತು. ಮೂರು ಗಂಟೆಗೆ ಸಹಿ, ನಾಲ್ಕಕ್ಕೆ ಕಚೇರಿ ಬಂದ್. ಅದೇ ದಿನ ನಮ್ಮ ಶೆಡ್ಡಿನ ಕ್ರೇನಿನ ತಿಂಗಳ ಪರೀಕ್ಷೆಯೂ ಬಿತ್ತು. ಮರುದಿನ ಬೆಳಿಗ್ಗೆ ಎಂಟು ಟನ್ನಿನ ಮೋಟಾರು ಎತ್ತಬೇಕಿತ್ತು, ಹಾಗಾಗಿ ಮುಂದೂಡುವ ಹಾಗಿರಲಿಲ್ಲ. ಆ ಕ್ರೇನು ಓಡಿಸುವವಳು, ಅದರ ಆಪರೇಟರ್, ನಾನೇ, ಹನ್ನೊಂದು ವರ್ಷದಿಂದ.

"ಒಂದು ಗಂಟೆಗೆ ಅವರನ್ನ ಎಳ್ಕೊಂಡು ಹೊರಡ್ಬೇಕು," ಎಂದಳು ಅಕ್ಕ. "ಬರದೇ ಹೋದ್ರೆ ನಿನ್ನ ಮುಖ ನೋಡಲ್ಲ."

ಏನು ಮಾಡಲಿ? ಹಿಂದಿನ ದಿನ ಮಧ್ಯಾಹ್ನ ಒಂದು ಡಬ್ಬಿ ಹೊಸ ಗ್ರೀಸು ತೆಗೆದು ಇಡೀ ಹಗ್ಗಕ್ಕೆ ದಪ್ಪಗೆ ಮೆತ್ತಿದೆ. ಫಳಫಳ ಹೊಳೆಯಿತು. ಗ್ರೀಸಿನ ಕೆಳಗೆ ಮುರಿದ ತಂತಿ ಮುಚ್ಚಿಹೋಗುತ್ತದೆ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಹಗ್ಗ ಗಟ್ಟಿಯಾಗಿದೆ, ನೋಡಲೂ ಚೆನ್ನಾಗಿದ್ದರೆ ಭಾವ ಬೇಗ ಸಹಿ ಹಾಕಿ ಎದ್ದಾರು ಎಂದುಕೊಂಡೆ.

ಬೆಳಿಗ್ಗೆ ಎಂಟಕ್ಕೆ ಬಂದರು. ಅಟ್ಟಣಿಗೆ ಹತ್ತಿ, ಹಗ್ಗಕ್ಕೆ ಒಂದು ಬೆರಳು ಮುಟ್ಟಿಸಿ, ಆ ಬೆರಳನ್ನು ನೋಡಿದರು. ಆಮೇಲೆ ನನ್ನ ಕ್ಯಾಬಿನ್ನಿನ ಕಡೆ ನೋಡಿದರು.

"ಸೀಮೆಎಣ್ಣೆ ತರ್ಸು," ಎಂದರು. ಅಷ್ಟೇ.

ಬೈದಿದ್ದರೆ ವಾಸಿಯಿತ್ತು. ನಾನು ಕೊಕ್ಕೆಯನ್ನು ಒಂದು ಮಾರು ಇಳಿಸಿ ನಿಲ್ಲಿಸಬೇಕು, ಅವರು ಅಷ್ಟನ್ನು ತೊಳೆದು, ಒರೆಸಿ, ಚಿಂದಿ ಸುತ್ತಿ ಸವರಬೇಕು. "ಇನ್ನೊಂದು ಮಾರು." ನಿಲ್ಲಿಸಿದೆ. "ಇನ್ನೊಂದು." ಗಂಟೆ ಹನ್ನೊಂದಾಯಿತು, ಒಂದಾಯಿತು. ಅಕ್ಕನ ಕರೆಗಳಿಗೆ ಫೋನು ನನ್ನ ಜೇಬಿನಲ್ಲಿ ಒದ್ದಾಡುತ್ತಿತ್ತು. ನನಗೆ ಮೈ ಪರಚಿಕೊಳ್ಳುವಂತಾಯಿತು.

"ಭಾವ, ಹಗ್ಗ ಎಲ್ಲೂ ಓಡಿಹೋಗಲ್ಲ! ಮಗಳ ಮದುವೆ ರೀ!"

"ನನ್ನ ಮಗಳೇ ಅವಳು, ಗೊತ್ತು. ಇನ್ನೊಂದು ಮಾರು."

ಎರಡು ಗಂಟೆಗೆ ಹಗ್ಗವೆಲ್ಲ ಮುಗಿಯಿತು. ಒಂದು ನೂಲೂ ಸಿಕ್ಕಿಕೊಂಡಿರಲಿಲ್ಲ. ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಭಾವ ಮಾತ್ರ ಮೇಲೆ, ನಡುವಿನ ರಾಟೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತೇ ಇದ್ದರು. ಆ ರಾಟೆ ತಿರುಗುವುದಿಲ್ಲ, ಹಗ್ಗದ ಎರಡು ಕಡೆಯ ಭಾರವನ್ನು ಸಮ ಮಾಡಿಕೊಂಡು ಸುಮ್ಮನೆ ಇರುತ್ತದೆ. ಹಗ್ಗ ಅಲ್ಲಿ ಸವೆಯುವುದಿಲ್ಲ ಎಂದು ನಮಗೆಲ್ಲ ನಂಬಿಕೆ. ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ಅಲ್ಲಿ ಇಣುಕಿರಲಿಲ್ಲ.

"ಕೊಕ್ಕೆ ಪೂರ್ತಿ ನೆಲಕ್ಕೆ ಇಳ್ಸು. ಹಗ್ಗ ಸಡ್ಲ ಆಗ್ಲಿ."

ಹಾರೆ ಹಾಕಿ ಹಗ್ಗವನ್ನು ರಾಟೆಯ ತೋಡಿನಿಂದ ಎತ್ತಿ, ಅಡಿಭಾಗಕ್ಕೆ ಚಿಂದಿ ಹಾಕಿ ಎಳೆದರು. ಬಟ್ಟೆ ಪರ್ ಎಂದು ಹರಿಯಿತು. ಬಿಳಿ ನೂಲು ಅಲ್ಲೇ ನೇತಾಡುತ್ತಿತ್ತು.

ನಾನು ಮೆಟ್ಟಿಲು ಹತ್ತಿ ಹೋಗಿ ನೋಡಿದೆ. ಒಂದೇ ಎಳೆಯಲ್ಲಿ ಐದು ತಂತಿ ಮುರಿದಿದ್ದವು. ನಾಲ್ಕಾದರೇ ಹಗ್ಗ ರದ್ದು. ಕೆಳಗೆ, ಭಾರಕ್ಕೆ ಕೊಕ್ಕೆ ಸಿಕ್ಕಿಸುವ ಕೆಲಸಗಾರ ಗುಂಡು ಮಾಮೂಲಿನಂತೆ ಡಬ್ಬಿಯ ಮೇಲೆ ಕೂತು ಊಟ ಮಾಡುತ್ತಿದ್ದ. ಮರುದಿನ ಬೆಳಿಗ್ಗೆ ಎಂಟು ಟನ್ನು ಎತ್ತುವಾಗ ಅದರ ಪಕ್ಕದಲ್ಲಿ ನಿಲ್ಲುವವನು ಅವನು, ಹಿಡಿಕೆ ಎಳೆಯುವವಳು ನಾನು. ನನಗೆ ನಾಚಿಕೆಯಾಯಿತು.

ಭಾವ ವರದಿ ಬರೆದರು: ಹಗ್ಗ ಬದಲಿಸದೆ ಕ್ರೇನು ಓಡಿಸಕೂಡದು. ಅದರ ಕೆಳಗೆ ಇನ್ನೊಂದು ಸಾಲು: ಪರೀಕ್ಷೆಗೆ ಮುಂಚೆ ಗ್ರೀಸು ಹಚ್ಚಿ ಮುಚ್ಚಿದವರು, ಆಪರೇಟರ್. ಸ್ವಂತ ನಾದಿನಿ ಎಂಬ ಮುಲಾಜೂ ಇಲ್ಲ! ಪೆನ್ನು ಮುಂದೆ ಹಿಡಿದರು. ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ಸಹಿ ಹಾಕಿದೆ.

ನೋಂದಣಿ ಕಚೇರಿ ತಲುಪಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಗುಮಾಸ್ತ ಬೀಗದ ಕೈಯಿಂದ ಮೇಜು ಕುಟ್ಟುತ್ತಿದ್ದ. ಅಕ್ಕ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಅಪ್ಪ ಬಾರದೆ ಸಹಿ ಹಾಕುವುದಿಲ್ಲ ಎಂದು ಹಟ ಹಿಡಿದು ಕೂತಿದ್ದ ಮಗಳು ಎದ್ದು ಬಂದು ಗ್ರೀಸು ಮೆತ್ತಿದ್ದ ಅವರ ಕೈ ನೋಡಿದಳು.

"ಎಷ್ಟು ತಂತಿ ಮುರ್ದಿತ್ತಪ್ಪಾ?"

"ಐದು. ಒಂದೇ ಎಳೇಲಿ."

"ಸರಿ ಬಿಡಿ. ಹಾಗಾದ್ರೆ ಲೇಟಾಗ್ಲೇಬೇಕು." ಅವಳು ಹೋಗಿ ಸಹಿ ಹಾಕಿದಳು.

ಮೊದಲ ಸಾಕ್ಷಿಯಾಗಿ ಭಾವನ ಸರದಿ ಬಂತು. ಗುಮಾಸ್ತ ಲಬೋ ಲಬೋ ಎನ್ನುತ್ತಿದ್ದರೂ ಫಾರಂ ಅನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದರು. ಸಹಿ ಹಾಕುವಾಗ ಹೆಬ್ಬೆರಳ ಕರಿ ಜಿಡ್ಡು ರಿಜಿಸ್ಟರಿಗೆ ಮೆತ್ತಿತು. ಜೇಬಿನ ಚಿಂದಿ ತೆಗೆದು ಒರೆಸಿದರು. ಕಲೆ ಅಂಗೈಯಗಲವಾಯಿತು.

"ಏನ್ರೀ ಇದು! ಸರ್ಕಾರದ ಪುಸ್ತಕ!" ಎಂದು ಗುಮಾಸ್ತ ಕೂಗಿದ.

"ಅದು ನಾನು ಹಚ್ಚಿದ ಗ್ರೀಸು," ಎಂದೆ. "ಇವತ್ತು ಲೇಟಾಗಿದ್ದು ನನ್ನಿಂದ."

ಗುಮಾಸ್ತನಿಗೆ ಏನೂ ಅರ್ಥವಾಗಲಿಲ್ಲ. ಅಕ್ಕನಿಗೆ ಅರ್ಥವಾಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಭಾವ ಪೆನ್ನನ್ನು ನನ್ನ ಕಡೆ ಚಾಚಿದರು. ಎರಡನೇ ಸಾಕ್ಷಿಯ ಜಾಗ ಇನ್ನೂ ಖಾಲಿ ಇತ್ತು.

"ಪೂರ್ತಿ ಓದು," ಎಂದರು. "ಆಮೇಲೆ ಹಾಕು."