ಫೋಮಕ್ಕ ಕೊಯ್ದ ಹಗುರ ಇಟ್ಟಿಗೆ

ಫೋಮಕ್ಕನಿಗೆ ಆರು ದಿನದ ಸಂಬಳ ಇವತ್ತಿಗೂ ಬಾಕಿ ಇದೆ. ಕೇಳಿದರೆ ಮ್ಯಾನೇಜರು ಕೆಮ್ಮುತ್ತಾನೆ.

ಅವಳ ಕೆಲಸ ಮುರಿದ ಮೂಳೆಗೆ ಹಾಕುವ ಸ್ಕ್ರೂ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಫೋಮು ಕೊಯ್ಯುವುದು. ಗಾದಿಯೊಳಗಿನ ಮೆತ್ತನೆಯದಲ್ಲ, ಇಟ್ಟಿಗೆಯಂಥ ಗಟ್ಟಿ ಫೋಮು. ಮೂಳೆಯೊಳಗೆ ಬ್ರೆಡ್ಡಿನಂತೆ ತೂತುತೂತಾದ ಭಾಗ ಇರುತ್ತದಲ್ಲ, ಅದರ ಬದಲಿಗೆ ಇದು. ಪರೀಕ್ಷೆಗೆ ಸತ್ತವರ ಮೂಳೆ ತಂದರೆ ಒಬ್ಬರದ್ದಿದ್ದಂತೆ ಇನ್ನೊಬ್ಬರದ್ದಿರುವುದಿಲ್ಲ. ಫೋಮು ಅಚ್ಚು ಹಾಕಿದಂತೆ ಒಂದೇ ಸಮ. ಅದಕ್ಕೆ ಸ್ಕ್ರೂ ತಿರುಗಿಸಿ, ಯಂತ್ರಕ್ಕೆ ಕಚ್ಚಿಸಿ, ಕಿತ್ತು ಬರುವವರೆಗೆ ಎಳೆಯುತ್ತಾರೆ. ಎಷ್ಟು ಬಲಕ್ಕೆ ಕಿತ್ತು ಬಂತೋ ಅಷ್ಟೇ ಆ ಸ್ಕ್ರೂವಿನ ಯೋಗ್ಯತೆ. ಇಟ್ಟಿಗೆ ಎರಡು ಬಗೆ: ಒತ್ತಾದದ್ದು ಪ್ರಾಯದವರ ಮೂಳೆ, ಹಗುರಾದದ್ದು ಮುದುಕರದ್ದು. ಯಾವುದು ಯಾವುದೆಂದು ಫೋಮಕ್ಕ ಚೀಟಿ ನೋಡುವವಳಲ್ಲ, ಹೆಬ್ಬೆರಳ ಉಗುರು ಊರಿ ಹೇಳುತ್ತಾಳೆ. ಹಗುರ ಇಟ್ಟಿಗೆ ಮಾತ್ರ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. ಒತ್ತು ಇಟ್ಟಿಗೆಯಲ್ಲಿ ಅಂಕಿ ಚೆನ್ನಾಗಿ ಬರುವಾಗ ಅದನ್ನು ಯಾರು ಮೂಸುತ್ತಾರೆ!

ಹೀಗಿರುವಾಗ ಅವಳ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು.

“ನಿನ್ನ ಕೈಯಡುಗೆ ತಿಂದೂ ತಿಂದೂ ಮೂಳೆ ಟೊಳ್ಳಾಯ್ತು ನೋಡು,” ಎಂದಳು ಮಲಗಿದಲ್ಲಿಂದಲೇ.

“ನಾಲಿಗೆ ಗಟ್ಟಿಯಾಗಿದೆಯಲ್ಲ ಅತ್ತೆ, ಅಷ್ಟು ಸಾಕು,” ಎನ್ನುತ್ತ ಸೊಸೆ ವೈದ್ಯರ ಚೀಟಿ ಓದಿದಳು. ಹಾಕಬೇಕಾದದ್ದು ಅವಳ ಪ್ರಯೋಗಾಲಯದಲ್ಲೇ ಪಾಸಾದ ಸ್ಕ್ರೂ. ಯಾವ ಇಟ್ಟಿಗೆಯಲ್ಲಿ ಪಾಸಾಯಿತೆಂದು ಕೊಯ್ದವಳಿಗೆ ಗೊತ್ತಿಲ್ಲವೆ?

ಮರುದಿನ ಅದೇ ಸ್ಕ್ರೂವಿನ ಪರೀಕ್ಷೆ ನೋಡಲು ಅದೇ ವೈದ್ಯರು ಬರುವವರಿದ್ದರು. ಫೋಮಕ್ಕ ಹಗುರ ಇಟ್ಟಿಗೆಯ ಧೂಳು ಒರೆಸಿ, ಅಳತೆಗೆ ಕೊಯ್ದು, ಸ್ಕ್ರೂ ತಿರುಗಿಸಿ ಇಟ್ಟಳು. ಯಂತ್ರ ಇನ್ನೂ ಮೈಮುರಿಯುತ್ತಿತ್ತು. ಬೆಣ್ಣೆಯಿಂದ ಕೂದಲು ತೆಗೆದಂತೆ ಸ್ಕ್ರೂ ವೈದ್ಯರ ಕಣ್ಣೆದುರೇ ಈಚೆ ಬಂತು.

ಮ್ಯಾನೇಜರು ಕೆಂಡವಾದ. “ಯಾರಪ್ಪಂದೇ ಈ ಮೂಳೆ?”

“ಅಪ್ಪಂದಲ್ಲ ಸಾರ್, ನಮ್ಮತ್ತೇದು. ನಾಳಿದ್ದು ಆಪರೇಷನ್ನು.”

ವೈದ್ಯರು ನಕ್ಕರು. ಆಮೇಲೆ ನಗು ನಿಂತಿತು. “ಇಷ್ಟು ದಿನ ಈ ಇಟ್ಟಿಗೆ ಎಲ್ಲಿತ್ತಮ್ಮ?”

“ಕಪಾಟಿನ ಮೇಲೆ. ಏಣಿ ಹಾಕಿದ್ರೆ ಯಾರಿಗಾದ್ರೂ ಸಿಗೋದು.”

ವೈದ್ಯರು ದಪ್ಪನೆಯ ಬೇರೆ ಸ್ಕ್ರೂವನ್ನು ಅಲ್ಲೇ ಹಗುರ ಇಟ್ಟಿಗೆಯಲ್ಲಿ ಎಳೆಸಿ ನೋಡಿ, ಕಚ್ಚಿ ನಿಂತ ಮೇಲೆ ಅದನ್ನೇ ಅತ್ತೆಗೆ ಹಾಕಿದರು. ಹೇಳದೆ ಕೇಳದೆ ಇಟ್ಟಿಗೆ ಬದಲಿಸಿದ ತಪ್ಪಿಗೆ ಮ್ಯಾನೇಜರು ಫೋಮಕ್ಕನನ್ನು ಆರು ದಿನ ಮನೆಗೆ ಅಟ್ಟಿದ. ಅತ್ತೆ ಈಗ ಅಡುಗೆಮನೆಯವರೆಗೂ ನಡೆದು ಬಂದು, ಉಪ್ಪು ಜಾಸ್ತಿಯೆಂದು ಹೇಳಿ ಹೋಗುತ್ತಾಳೆ. ಹಗುರ ಇಟ್ಟಿಗೆ ಕಪಾಟಿನಿಂದ ಇಳಿದಿದೆ; ಆರು ದಿನದ ಸಂಬಳ ಮಾತ್ರ ಇನ್ನೂ ಅವಳ ಕೈಗೆ ಇಳಿದಿಲ್ಲ.

ಇನ್ನು ನಿಮ್ಮ ಸರದಿ. ನಿಮ್ಮ ಮನೆಯ ಮುದಿಮೂಳೆಗೆ ಸ್ಕ್ರೂ ಹಾಕುತ್ತೇವೆಂದು ಕಾಗದ ಮುಂದೆ ಹಿಡಿದಾಗ, “ಇದನ್ನು ಎಳೆದು ನೋಡಿದ್ದು ಯಾವ ಇಟ್ಟಿಗೆಯಲ್ಲಿ?” ಎಂದು ಬಾಯಿಬಿಟ್ಟು ಕೇಳಿ. ಸಹಿ ಆಮೇಲೆ.