ದಾರಿ ಬಿಡದೆ ನಿಲ್ಲುವ ಚಿನ್ನತಾಯಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಮಿಳುನಾಡಿನ ತೇವಾರಂ ಊರು ದಾಟಿ ಬೆಟ್ಟದ ಬುಡಕ್ಕೆ ಬಂದರೆ ಕಲ್ಲುಮುಳ್ಳಿನ ಬಯಲು. ಅದರ ನಡುವೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಚಿನ್ನತಾಯಿ ನಿಂತಿದ್ದಾರೆ. ಎದುರಿನಿಂದ ಆರು ಚಕ್ರದ, ಚಾಲಕನಿಲ್ಲದ ಗಾಡಿಯೊಂದು ಗುರ್ ಎನ್ನುತ್ತ ಬರುತ್ತಿದೆ. ಅದರ ನೆತ್ತಿಯ ಮೇಲೆ ಬಂದೂಕು ಕೂರಿಸುವ ಜಾಗದಲ್ಲಿ ಸದ್ಯಕ್ಕೆ ಕಬ್ಬಿಣದ ಕೊಳವೆಯಿದೆ. ಗಾಡಿ ಹತ್ತಿರವಾಗುತ್ತಿದ್ದಂತೆ ಚಿನ್ನತಾಯಿ ಎಡಕ್ಕೆ ಸರಿದುಬಿಡುತ್ತಾರೆ.

"ಅತ್ತೆ, ನಗರಾದೀಂಗ" ಎಂದು ಶೆಡ್ಡಿನಿಂದ ಕೂಗು. ಅಲುಗಬೇಡಿ ಎಂದು ತಮಿಳಿನಲ್ಲಿ ಅಂಗಲಾಚುತ್ತಿರುವವಳು ಅವರನ್ನು ಅತ್ತೆ ಎಂದೇ ಕರೆಯುವ ಎಂಜಿನಿಯರ್ ಯುವಶ್ರೀ. ಅವಳಿಗೆ ಮನೆಮಾತು ಕನ್ನಡ ಅರ್ಥವಾಗುತ್ತದೆ, ನಾಲಿಗೆಗೆ ಮಾತ್ರ ಬರುವುದಿಲ್ಲ. ಚಿನ್ನತಾಯಿ ಹೊರೆಯನ್ನು ದೊಪ್ಪನೆ ಕೆಳಗೆ ಹಾಕಿ ತಮ್ಮ ಕಾಲನ್ನೇ ಬೈಯುತ್ತಾರೆ.

ದಿಂಡಿಗಲ್ಲಿನ ಕಾರ್ಖಾನೆಯೊಂದು ಸೈನ್ಯಕ್ಕಾಗಿ ಈ ಗಾಡಿಯನ್ನು ತಯಾರಿಸುತ್ತಿದೆ. ಆಳಿಲ್ಲದೆ ಯುದ್ಧಭೂಮಿಗೆ ಹೋಗುವ ಯಂತ್ರಕ್ಕೆ, ದಾರಿಯಲ್ಲಿ ಸಿಗುವ ಬಡಪಾಯಿ ಜನರ ಮೇಲೆ ಹರಿಯಬಾರದೆಂದು ಕಲಿಸಬೇಕಲ್ಲ? ಅದಕ್ಕೆ ಯಾರಾದರೂ ಅದರ ಎದುರು ನಡೆಯಬೇಕು, ಕೂರಬೇಕು, ಬಗ್ಗಬೇಕು. ಆ 'ಯಾರಾದರೂ' ಚಿನ್ನತಾಯಿ. ಕಾರ್ಖಾನೆಯ ಬಣ್ಣದ ಪುಸ್ತಿಕೆಯಲ್ಲಿ ಗಾಡಿಯ ಚಿತ್ರಗಳು ರಾಶಿ ಇವೆ. ಇವರದ್ದೆಂದು ಕಾಣುವುದು ಒಂದರ ಮೂಲೆಯಲ್ಲಿ ಅರ್ಧ ಹುಲ್ಲಿನ ಹೊರೆ, ಅಷ್ಟೇ. ದಿನಕ್ಕೆ ಎಷ್ಟು ಸಲ ಗಾಡಿಗೆ ಎದುರಾಗುತ್ತೀರಿ ಎಂದು ಕೇಳಿದರೆ, ಲೆಕ್ಕ ಯುವಶ್ರೀಯ ಹತ್ತಿರ ಇದೆ, ಮಂಡಿನೋವು ನನ್ನ ಹತ್ತಿರ ಇದೆ ಎನ್ನುತ್ತಾರೆ.

ಈ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡದ ಒಕ್ಕಲು ಮನೆತನ ಅವರದು. ಮನೆಯವರು ಕುಲದೇವರ ದನಗಳನ್ನು ಕಾಯುತ್ತಿದ್ದರು. ಆ ಹಿಂಡು ಎದುರಾದರೆ ಚಪ್ಪಲಿ ಕಳಚಿ, ಎಡಕ್ಕೆ ಸರಿದು ದಾರಿ ಬಿಡುವುದು ಅವರ ಮನೆಯ ಪದ್ಧತಿ. ನಡೆಯಲು ಕಲಿತ ವಯಸ್ಸಿನಲ್ಲೇ ಕಲಿತದ್ದು. ಯಂತ್ರ ಬಂದಾಗಲೂ ತಿಂಗಳುಗಟ್ಟಲೆ ಹಾಗೆಯೇ ಮಾಡಿದರು. ಅದು ತಪ್ಪೆಂದು ಅವರಿಗೂ ಹೊಳೆಯಲಿಲ್ಲ, ಎಂಜಿನಿಯರುಗಳಿಗೂ ಹೊಳೆಯಲಿಲ್ಲ. ಗಾಡಿ ಮಾತ್ರ ಪಾಠವನ್ನು ಚೆನ್ನಾಗಿ ಕಲಿಯಿತು: ಮನುಷ್ಯರು ಹೇಗೂ ಪಕ್ಕಕ್ಕೆ ಸರಿಯುತ್ತಾರೆ, ತಾನು ನಿಲ್ಲಬೇಕಾಗಿಲ್ಲ.

ಇದು ಗೊತ್ತಾದದ್ದು ಕಂದಸಾಮಿಯವರ ಕಾಲಿನಿಂದ. ಸೈನ್ಯದಿಂದ ನಿವೃತ್ತರಾಗಿ ಇಲ್ಲಿ ಕಾವಲಿಗಿರುವ ಅವರು ಒಂದು ದಿನ ದಾರಿಯ ಮಧ್ಯೆ ಫೋನಿನಲ್ಲಿ ಮಾತಾಡುತ್ತ ನಿಂತಿದ್ದರು. ಗಾಡಿ ಸೀದಾ ಬಂದು ಗುದ್ದಿತು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಅಷ್ಟೂ ತಿಂಗಳ ದುಡಿಮೆ ನೀರುಪಾಲಾಯಿತು. ಬೇರೆ ಯಾರನ್ನಾದರೂ ಇಟ್ಟುಕೊಳ್ಳುತ್ತೇವೆ, ನೀವು ಮನೆಗೆ ಹೋಗಿ ಎಂದು ಕಾರ್ಖಾನೆಯವರು ಹೇಳಿ ನೋಡಿದರು.

"ನಾ ಕಲಿಸಿದ್ದು ಅದು. ನಾನೇ ಬಿಡಿಸ್ಬೇಕು. ತಪ್ಪನ್ನ ತಲೇಲಿ ಇಟ್ಕಂಡು ಈ ವಂಡಿ ಹೋದ್ರೆ ನಂಗೆ ಸೋರು ಇಳೀತದಾ?" ಎಂದು ಚಿನ್ನತಾಯಿ ಈಗಲೂ ಸಿಡುಕುತ್ತಾರೆ. ಗಾಡಿಗೆ ವಂಡಿ, ಅನ್ನಕ್ಕೆ ಸೋರು ಎನ್ನುವುದು ಅವರ ಮಾತಿನ ರೂಢಿ.

ಬಿಡಿಸುವುದೇನು ಸುಲಭವೇ? ಚಿನ್ನತಾಯಿ ಗಟ್ಟಿಯಾಗಿ ನಿಂತ ದಿನ ಕಂದಸಾಮಿ ಹೆದರಿ, ಗಾಡಿ ಇನ್ನೂ ದೂರವಿರುವಾಗಲೇ ಅದನ್ನು ನಿಲ್ಲಿಸಲು ಕೈಯಲ್ಲಿರುವ ತುರ್ತು ಗುಂಡಿ ಒತ್ತಿಬಿಡುತ್ತಾರೆ. ಗಾಡಿ ತಾನಾಗಿ ನಿಲ್ಲುತ್ತಿತ್ತೋ ಇಲ್ಲವೋ ತಿಳಿಯುವುದೇ ಇಲ್ಲ. ಅವರು ಒತ್ತದ ದಿನ ಇವರ ಕಾಲು ಸರಿಯುತ್ತದೆ. ಇಬ್ಬರ ನಡುವೆ ಯುವಶ್ರೀ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಇವತ್ತು ಚಿನ್ನತಾಯಿಗೆ ಸಾಕಾಗಿದೆ. ಹೊರೆ ಮತ್ತೆ ತಲೆಗೇರಿಸಿ, ತಮ್ಮ ಮುಂದೆ ಸ್ವಲ್ಪ ದೂರದಲ್ಲಿರುವ ಕಲ್ಲೊಂದನ್ನು ತೋರಿಸಿ ಕಂದಸಾಮಿಯವರಿಗೆ ಹೇಳುತ್ತಾರೆ: "ಅಣ್ಣಾ, ಆ ಕಲ್ಲು ದಾಟ ತನ್ಕ ಬೆರಳು ಇಡ್ಬೇಡಿ. ದಾಟಿದ್ ಮೇಲೆ ನಿಲ್ಲಿಲ್ಲಾಂದ್ರೆ ಒತ್ತಿ."

ಗಾಡಿ ಹೊರಡುತ್ತದೆ. ಚಿನ್ನತಾಯಿ ಎಡಗಾಲಿನ ಮೇಲೆ ಬಲಗಾಲನ್ನು ಒತ್ತಿ ಇಟ್ಟುಕೊಂಡಿದ್ದಾರೆ, ಅದು ಸರಿಯಬಾರದೆಂದು. ಭಯವಾಗುತ್ತಿದೆ, ಅದು ಮುಖದಲ್ಲೇ ಕಾಣುತ್ತದೆ. ಗಾಡಿ ಕಲ್ಲಿನ ಹತ್ತಿರ ಬಂದು ಮೆಲ್ಲಗಾಗುತ್ತದೆ, ಒಂದು ಸಲ ಜಗ್ಗಿ ಅಲ್ಲೇ ನಿಲ್ಲುತ್ತದೆ. ಕಂದಸಾಮಿ ಗುಂಡಿಯಿಂದ ಬೆರಳನ್ನು ದೂರ ಹಿಡಿದು ಎಲ್ಲರಿಗೂ ತೋರಿಸುತ್ತಾರೆ.

ಯುವಶ್ರೀ ಓಡಿ ಬಂದು ಅತ್ತೆಯ ಕೈ ಹಿಡಿದುಕೊಳ್ಳುತ್ತಾಳೆ. ಇವತ್ತಿಗೆ ಸಾಕು, ಮನೆಗೆ ಹೋಗೋಣ ಎನ್ನುತ್ತಾಳೆ. ಚಿನ್ನತಾಯಿ ಗಾಡಿಯನ್ನು ದುರುಗುಟ್ಟಿ ನೋಡುತ್ತಾರೆ. ನಂಬಿಕೆ ಬಂದ ಹಾಗಿಲ್ಲ. ಹೊರೆಯನ್ನು ಇಳಿಸಿ ಯುವಶ್ರೀಯ ತಲೆಯ ಮೇಲೆ ಇಡುತ್ತಾರೆ.

"ಈಗ ನೀ ನಿಲ್ಲು ಪಾಪ್ಪಾ. ನನ್ ಗುರ್ತು ಹಿಡ್ದು ನಿಂತಿದ್ರೆ ಅದ್ರಿಂದ ಏನ್ ಪ್ರಯೋಜನ? ಇದು ಹೋಗ ಕಡೆ ಯಾರೋ ಒಬ್ಳು ಕೂಸು ಎತ್ಕಂಡು ನಿಂತಿರ್ತಾಳೆ. ಅವ್ಳನ್ನ ಇದು ಯಾವತ್ತೂ ನೋಡಿರಲ್ಲ. ಅವ್ಳಿಗೂ ನಿಲ್ಬೇಕು."