ಕುರಿಗಳ ನಾಯಿ

ಪ್ರತಿವರ್ಷ ಬೆಳೆ ತೆಗೆದ ಮೇಲೆ ಕುರಿಗಾರನೊಬ್ಬ ಬ್ಯಾಡಗಿ ಹಾದಿಯ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಿದ್ದ. ರೊಟ್ಟಿ ಕೊಟ್ಟರೆ ಮೊದಲ ತುಂಡು ಹಿಂಡು ಕಾಯುವ ನಾಯಿಗೆ.

“ನಿನ್ನ ನಾಯಿ ಭಾಳ ಶಾಣ್ಯಾ ಐತಿ ನೋಡಣ್ಣ” ಎಂದರೆ, ಕಂಬಳಿ ಸರಿಪಡಿಸಿಕೊಳ್ಳುತ್ತ “ನಂದಲ್ರಿ ಅಕ್ಕಾರ, ಕುರೀದು” ಎನ್ನುತ್ತಿದ್ದ.

ಒಂದು ವರ್ಷ ನಾಯಿಮರಿ ಬೇಡಿದೆ. ಕೊಟ್ಟ. ಮರುದಿನ ಹಿಂಡು ರಾಣೆಬೆನ್ನೂರಿನ ಕಡೆ ಹೊರಟಾಗ ಮರಿ ಒಂದೇ ಸಮನೆ ಅತ್ತಿತು. ಹಾದಿಯ ತಿರುವಿನಿಂದ ಆತ ಹಿಂದಿರುಗಿ ಬಂದು, ಕಂಬಳಿಯೊಳಗಿಂದ ಕುರಿಮರಿಯೊಂದನ್ನು ತೆಗೆದು ಅದರ ಮುಂದೆ ಬಿಟ್ಟ.

“ಕೆಲಸ ಇಲ್ದ ಇದು ಬದುಕೂದಿಲ್ರಿ. ಈ ಕುರಿಮರೀನೂ ಇಟ್ಕೊಳ್ರಿ.”

ನಾಯಿಮರಿ ಸುಮ್ಮನಾಗಿ ಕುರಿಮರಿಯ ಪಕ್ಕ ಕೂತಿತು.

ಆಮೇಲೆ ಆತ ಬರಲೇ ಇಲ್ಲ. ಊರಿಗೆ ಆಗಷ್ಟೇ ಮೊಬೈಲು ಬಂದಿತ್ತು; ಆತನಲ್ಲಿರಲಿಲ್ಲ. ನಾಯಿ ಇದ್ದಷ್ಟು ದಿನವೂ ಯಾರಾದರೂ ಅದನ್ನು ಹೊಗಳಿದರೆ, ರಾಣೆಬೆನ್ನೂರಿನ ಹಾದಿ ನೋಡುತ್ತಲೇ ಹೇಳುತ್ತಿದ್ದೆ:

“ನಮ್ದಲ್ರಿ, ಕುರೀದು.”